ಕಡಿಮೆ ಖರ್ಚಿನಲ್ಲಿ ಮುಂದಿನ ಗೇಮ್: ಯಾರಿಗೆ ಯಾವುದು ಸರಿಹೊಂದುತ್ತದೆ?

ದಾವಣಗೆರೆಯ ಹಾಸ್ಟೆಲುಗಳಲ್ಲಿದ್ದು ಇಂಜಿನಿಯರಿಂಗ್ ಓದುತ್ತಿರುವ ಹುಡುಗರು, ಚಿತ್ರದುರ್ಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತರುಣರು, ಹೈಸ್ಕೂಲಿನ ಮಕ್ಕಳಿರುವ ತಂದೆತಾಯಿಯರು ಈಚೆಗೆ ನನ್ನನ್ನು ಪದೇಪದೇ ಕೇಳುತ್ತಿರುವುದು ಒಂದೇ ಪ್ರಶ್ನೆ. ಕೈಯಲ್ಲಿರುವ ಸ್ವಲ್ಪ ಹಣದಲ್ಲಿ ಮುಂದೆ ಯಾವ ವಿಡಿಯೋ ಗೇಮ್ ಕೊಳ್ಳಬೇಕು ಎನ್ನುವುದು ಅವರೆಲ್ಲರ ಗೊಂದಲ. ಅವರು ಹೇಳುವ ಹೆಸರುಗಳೂ ಹೆಚ್ಚುಕಡಿಮೆ ಅವೇ ಆಗಿರುತ್ತವೆ: ಸ್ಟಾರ್‌ಡ್ಯೂ ವ್ಯಾಲಿ, ಬಲಾಟ್ರೊ, ಹಾಲೋ ನೈಟ್, ಸೆಲೆಸ್ಟ್, ಪೋರ್ಟಲ್ 2, ಟೆರೇರಿಯಾ. ಇವುಗಳ ಜೊತೆಗೆ, ತಂಡ ಕಟ್ಟಿಕೊಂಡು ಆನ್‌ಲೈನಿನಲ್ಲಿ ಆಡುವ ಬಂದೂಕಿನ ಆಟ ವ್ಯಾಲೊರಂಟ್ ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಆಟ ಕೊಳ್ಳುವುದೇಕೆ ಎಂಬ ಮಾತೂ ಬಂದೇ ಬರುತ್ತದೆ.

ಈ ಪಟ್ಟಿಯಲ್ಲಿ ಕೆಟ್ಟ ಆಟ ಒಂದೂ ಇಲ್ಲ. ಆದ್ದರಿಂದ ಯಾವುದು ಶ್ರೇಷ್ಠ ಎಂದು ಹುಡುಕುತ್ತಾ ಹೋದರೆ ತೀರ್ಮಾನ ಸಿಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಎಂಥದು, ನಿಮಗೆ ಬಿಡುವು ಸಿಗುವ ಹೊತ್ತು ಯಾವುದು, ಮನೆಯ ಇಂಟರ್‌ನೆಟ್ ಎಷ್ಟು ಗಟ್ಟಿ ಎಂಬುದನ್ನು ಮೊದಲು ನೋಡಿಕೊಂಡರೆ ಪಟ್ಟಿ ತಾನಾಗಿಯೇ ಎರಡು ಮೂರು ಹೆಸರುಗಳಿಗೆ ಇಳಿಯುತ್ತದೆ. ಬೆಲೆಯ ವಿಚಾರವನ್ನು ಕೊನೆಗಿಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಇಲ್ಲಿನ ಆಟಗಳ ನಡುವೆ ಬೆಲೆಯಲ್ಲಿರುವ ಅಂತರ ಸಣ್ಣದು, ಹೊಂದಿಕೆಯಲ್ಲಿರುವ ಅಂತರ ಬಹಳ ದೊಡ್ಡದು.

ಮೊದಲು ಏನನ್ನು ಅಳೆಯಬೇಕು?

ಮೊದಲನೆಯದು ಯಂತ್ರ. ಕಾಲೇಜಿಗೆಂದು ಕೊಂಡ, ಅಥವಾ ಅಣ್ಣನೋ ಅಕ್ಕನೋ ಬಳಸಿ ಬಿಟ್ಟುಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ 4 ಅಥವಾ 8 ಜಿಬಿ ರ‍್ಯಾಮ್ ಇರುತ್ತದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಇಂಥ ಯಂತ್ರಕ್ಕೆ ಈಚಿನ ದೊಡ್ಡ ಆಟಗಳು ಎಷ್ಟೇ ಅಗ್ಗವಾಗಿ ಸಿಕ್ಕರೂ ಪ್ರಯೋಜನವಿಲ್ಲ. ಇನ್ನೂ ವಿಂಡೋಸ್ 7 ಅಥವಾ 8 ಬಳಸುತ್ತಿರುವವರು ಒಂದು ಸಂಗತಿ ತಿಳಿದಿರಬೇಕು: ಆಟಗಳನ್ನು ಮಾರುವ ಸ್ಟೀಮ್ ತಾಣ 2024ರ ಜನವರಿ 1ರಿಂದ ಆ ಆವೃತ್ತಿಗಳಿಗೆ ಬೆಂಬಲ ನಿಲ್ಲಿಸಿದೆ, ಕನಿಷ್ಠ ವಿಂಡೋಸ್ 10 ಬೇಕು. ಬಿಸಿಲನ್ನೂ ಇಲ್ಲಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮ ಎರಡೂ ಊರುಗಳಲ್ಲಿ ಮಧ್ಯಾಹ್ನದ ಹೊತ್ತು ಫ್ಯಾನಿನ ಗಾಳಿಯೇ ಬಿಸಿಯಾಗಿರುತ್ತದೆ. ಲ್ಯಾಪ್‌ಟಾಪ್ ಕಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ, ಆಗ ಡಿಸೆಂಬರಿನಲ್ಲಿ ಸಲೀಸಾಗಿ ನಡೆದ ಆಟವೂ ಮುಗ್ಗರಿಸುತ್ತದೆ. ಹಗುರವಾದ ಆಟಕ್ಕೆ ಈ ತೊಂದರೆ ಕಡಿಮೆ.

ಎರಡನೆಯದು ಡೌನ್‌ಲೋಡ್. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರು ಇದನ್ನು ಓದದೆ ಮುಂದೆ ಹೋಗಬಹುದು. ಆದರೆ ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ರೀಚಾರ್ಜಿನ ಹಾಟ್‌ಸ್ಪಾಟನ್ನೇ ನಂಬಿರುವ ಹಾಸ್ಟೆಲಿನ ವಿದ್ಯಾರ್ಥಿಗೆ ಇದು ದೊಡ್ಡ ವಿಷಯ. ಬಲಾಟ್ರೊ ಆಟಕ್ಕೆ ಬೇಕಾದ ಜಾಗ ಸುಮಾರು 150 ಎಂಬಿ, ಸ್ಟಾರ್‌ಡ್ಯೂ ವ್ಯಾಲಿಗೆ ಸುಮಾರು ಅರ್ಧ ಜಿಬಿ, ಸೆಲೆಸ್ಟ್‌ಗೆ 1.2 ಜಿಬಿ, ಹಾಲೋ ನೈಟ್‌ಗೆ 9 ಜಿಬಿ. ಉಚಿತವಾಗಿ ಸಿಗುವ ಕೌಂಟರ್ ಸ್ಟ್ರೈಕ್ 2 ಆಟಕ್ಕೆ 85 ಜಿಬಿ ಜಾಗ ಬೇಕೆಂದು ತಯಾರಕರೇ ಹೇಳುತ್ತಾರೆ. ದಿನಕ್ಕೆ 2 ಜಿಬಿಯ ಲೆಕ್ಕದಲ್ಲಿ ಅಷ್ಟನ್ನು ಇಳಿಸಿಕೊಳ್ಳಲು ನಲವತ್ತಕ್ಕೂ ಹೆಚ್ಚು ದಿನಗಳು ಹಿಡಿಯುತ್ತವೆ, ಅದೂ ಬೇರೆ ಯಾವುದಕ್ಕೂ ಡೇಟಾ ಬಳಸದಿದ್ದರೆ.

ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ, ನನಗೆ ಮಾತ್ರ ಅದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಆಟದ ನಡುವೆ ಎದ್ದು ಹೋಗಬೇಕಾಗಿ ಬಂದರೆ ಏನಾಗುತ್ತದೆ? ಕರೆಂಟು ಹೋಗುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ, ಅಂಗಡಿಯಲ್ಲಿ ಕುಳಿತವರಿಗೆ ಗಿರಾಕಿ ಬರುತ್ತಾರೆ, ಮನೆಯಲ್ಲಿ ಊಟಕ್ಕೆ ಕರೆಯುತ್ತಾರೆ. ಕೆಲವು ಆಟಗಳು ಆ ಕ್ಷಣದಲ್ಲಿಯೇ ನಿಂತು, ಮತ್ತೆ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತವೆ. ಇನ್ನು ಕೆಲವು ಕಾಲು ಗಂಟೆಯ ಶ್ರಮವನ್ನು ಅಳಿಸುತ್ತವೆ. ಆನ್‌ಲೈನ್ ಪಂದ್ಯಗಳಾದರೆ ನಡುವೆ ಎದ್ದುಹೋದವರಿಗೆ ದಂಡವನ್ನೇ ಹಾಕುತ್ತವೆ. ಎಡೆಬಿಡದೆ ಎರಡು ಗಂಟೆ ಯಾರಿಗೆ ಸಿಗುತ್ತದೆ, ಯಾರಿಗೆ ತುಂಡು ತುಂಡಾಗಿ ಅರ್ಧ ಅರ್ಧ ಗಂಟೆ ಸಿಗುತ್ತದೆ ಎಂಬುದರ ಮೇಲೆ ಆಯ್ಕೆ ಪೂರ್ತಿ ಬದಲಾಗುತ್ತದೆ.

ಭಾಷೆಯನ್ನೂ ನೋಡಬೇಕು. ಇಲ್ಲಿ ಹೋಲಿಸುತ್ತಿರುವ ಆರೂ ಆಟಗಳಲ್ಲಿ ಯಾವುದಕ್ಕೂ ಕನ್ನಡ ಅನುವಾದವಿಲ್ಲ. ಹಾಗಾಗಿ ಎಷ್ಟು ಇಂಗ್ಲಿಷ್ ಓದಬೇಕಾಗುತ್ತದೆ, ಓದದಿದ್ದರೆ ಆಟ ಕೆಡುತ್ತದೆಯೇ ಎಂಬುದು ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಗುವಿನ ಮಟ್ಟಿಗೆ ನಿರ್ಣಾಯಕ. ಕೊನೆಯದಾಗಿ, ಕೊಂಡ ಮೇಲೆ ಆಟ ಮತ್ತೆ ಹಣ ಕೇಳುತ್ತದೆಯೇ, ಮೌಸ್ ಅಥವಾ ಕಂಟ್ರೋಲರ್ (ಎರಡೂ ಕೈಯಲ್ಲಿ ಹಿಡಿದು ಗುಂಡಿ ಒತ್ತಿ ಆಡುವ ಸಾಧನ) ಬೇರೆಯಾಗಿ ಕೊಳ್ಳಬೇಕೇ, ಒಬ್ಬರೇ ಆಡುವುದೋ ಜೊತೆಗೊಬ್ಬರು ಸೇರಬಹುದೋ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಸ್ಟಾರ್‌ಡ್ಯೂ ವ್ಯಾಲಿ

2016ರಲ್ಲಿ ಬಂದ ಈ ಆಟವನ್ನು ಎರಿಕ್ ಬರೋನ್ ಎಂಬ ಅಮೆರಿಕದ ತರುಣ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ತಯಾರಿಸಿದ. ಚಿತ್ರ, ಸಂಗೀತ, ಮಾತು ಎಲ್ಲವೂ ಆತನದೇ. 2024ರ ಕೊನೆಯ ಹೊತ್ತಿಗೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದರೂ, ಆತ ಇಂದಿಗೂ ಹೊಸ ಭಾಗಗಳಿಗೆ ಹೆಚ್ಚುವರಿ ಹಣ ಕೇಳಿಲ್ಲ. 2024ರ ಮಾರ್ಚಿನಲ್ಲಿ ಬಂದ ದೊಡ್ಡ ಪರಿಷ್ಕರಣೆಯೂ ಹಿಂದೆ ಕೊಂಡವರಿಗೆ ಉಚಿತವಾಗಿಯೇ ಸಿಕ್ಕಿತು. ಕೊಂಡ ಮೇಲೆ ಹಣ ಕೇಳದ ಆಟ ಎಂದರೆ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಆಟದ ಆರಂಭದಲ್ಲಿ ಅಜ್ಜ ಬಿಟ್ಟುಹೋದ ಹೊಲವೊಂದು ಕಲ್ಲು, ಕೊರಡು, ಕಳೆಗಳಿಂದ ತುಂಬಿ ನಿಮ್ಮ ಪಾಲಿಗೆ ಬರುತ್ತದೆ. ಊರಿನ ಮೇಯರ್ 15 ಪಾರ್ಸ್ನಿಪ್ ಬೀಜಗಳನ್ನು ಕೊಡುತ್ತಾನೆ. ಅದು ಮೂಲಂಗಿಯಂಥ ಒಂದು ಗಡ್ಡೆ. ಕಳೆ ಸವರಿ, ಗುದ್ದಲಿಯಿಂದ ಒಂದೊಂದೇ ಚೌಕ ಅಗೆದು, ಬೀಜ ಹಾಕಿ, ಡಬ್ಬದಲ್ಲಿ ನೀರು ತಂದು ಹನಿಸಬೇಕು. ನಾಲ್ಕು ದಿನ ನೀರುಂಡ ಮೇಲೆ ಗಡ್ಡೆ ಕೀಳಲು ಬರುತ್ತದೆ. 28 ದಿನಕ್ಕೊಂದು ಋತು. ಋತು ಮುಗಿದ ಮರುದಿನ ಹಳೆಯ ಋತುವಿನ ಬೆಳೆ ನಿಂತಲ್ಲಿಯೇ ಒಣಗಿರುತ್ತದೆ, ಆದ್ದರಿಂದ ಯಾವಾಗ ಏನು ಬಿತ್ತಬೇಕೆಂದು ಲೆಕ್ಕ ಹಾಕಲೇಬೇಕಾಗುತ್ತದೆ. ಕಾಗೆಗಳು ಬಂದು ಬೆಳೆ ತಿನ್ನುತ್ತವೆ, ಬೆದರುಬೊಂಬೆ ನಿಲ್ಲಿಸಬೇಕು. ಮೆಕ್ಕೆಜೋಳವೋ ಭತ್ತವೋ ಬೆಳೆಯುವ ಮನೆಗಳಿಂದ ಬಂದ ಹುಡುಗರು ಇದನ್ನು ಬೇಗ ಹಚ್ಚಿಕೊಳ್ಳುತ್ತಾರೆ. ಆದರೆ ಬೇಸಾಯದ ನಿಜವಾದ ಲೆಕ್ಕಾಚಾರವನ್ನು ಬಯಸುವವರು ಒಂದು ಮಾತು ತಿಳಿದಿರಲಿ: ಈ ಹೊಲದಲ್ಲಿ ಬೋರ್‌ವೆಲ್ ಬತ್ತುವುದಿಲ್ಲ, ಫಸಲು ಹೆಚ್ಚಾಯಿತೆಂದು ಬೆಲೆ ಕುಸಿಯುವುದೂ ಇಲ್ಲ. ಮಾರಲೆಂದು ಪೆಟ್ಟಿಗೆಗೆ ಹಾಕಿದ ಮಾಲಿಗೆ ಅದರ ಗುಣಮಟ್ಟಕ್ಕೆ ತಕ್ಕ ನಿಗದಿತ ಹಣ ಮರುದಿನ ಬೆಳಿಗ್ಗೆ ಬಂದಿರುತ್ತದೆ.

ನಡುವೆ ಎದ್ದು ಹೋಗುವ ಪ್ರಶ್ನೆಗೆ ಇಲ್ಲಿನ ಉತ್ತರ ಸ್ಪಷ್ಟ. ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷಗಳಿಗೆ ಸಮ, ಮತ್ತು ಕಂಪ್ಯೂಟರಿನಲ್ಲಿ ಆಟ ಉಳಿಯುವುದು ರಾತ್ರಿ ಮಲಗಿದಾಗ ಮಾತ್ರ. ಬ್ಯಾಟರಿ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆಡುವಾಗ ಕರೆಂಟು ಹೋದರೆ ಆ ದಿನದ ಕೆಲಸ ಮಾತ್ರ ಹೋಗುತ್ತದೆ, ಅಂದರೆ ಹೆಚ್ಚೆಂದರೆ ಕಾಲು ಗಂಟೆ. ಇದು ಸಹಿಸಬಹುದಾದ ನಷ್ಟ. ನಿಜವಾದ ಅಪಾಯ ಬೇರೆ ಕಡೆಯಿದೆ. ದಿನ ಮುಗಿದ ಕೂಡಲೇ ಮರುದಿನದ ಬೆಳಗು ಕಾಣುತ್ತದೆ, ನಿನ್ನೆ ಬಿತ್ತಿದ್ದು ಮೊಳೆತಿರುತ್ತದೆ, ಇನ್ನೊಂದು ದಿನ ನೋಡಿ ಮಲಗೋಣ ಎನಿಸುತ್ತದೆ. ಹೀಗೆ ರಾತ್ರಿ ಎರಡು ಗಂಟೆಯಾದದ್ದು ಗೊತ್ತಾಗುವುದಿಲ್ಲ. ಸೆಮಿಸ್ಟರ್ ಪರೀಕ್ಷೆ ತಿಂಗಳೊಳಗೆ ಇರುವವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಇಂಗ್ಲಿಷ್ ಸಾಕಷ್ಟು ಓದಬೇಕು, ಆದರೆ ವಾಕ್ಯಗಳು ಸರಳವಾಗಿವೆ. ಎಂಟನೆಯ ತರಗತಿಯ ಮಗು ನಿಧಾನವಾಗಿ ಓದಿಕೊಂಡು ಆಡಬಲ್ಲದು. ಗಣಿಯಲ್ಲಿ ಸಣ್ಣಪುಟ್ಟ ರಾಕ್ಷಸರ ಜೊತೆ ಕತ್ತಿ ಬೀಸುವುದಿದೆ, ಊರಿನಲ್ಲಿ ಮದ್ಯ ಮಾರುವ ಅಂಗಡಿಯೂ ಇದೆ ಎಂಬುದನ್ನು ಚಿಕ್ಕ ಮಕ್ಕಳ ಪೋಷಕರು ಗಮನಿಸಬೇಕು. ಒಂದೇ ಲ್ಯಾಪ್‌ಟಾಪಿನ ಪರದೆಯನ್ನು ಇಬ್ಬರು ಹಂಚಿಕೊಂಡು ಆಡುವ ಅನುಕೂಲ ಇರುವುದರಿಂದ ಅಕ್ಕ ತಮ್ಮಂದಿರಿಗೆ, ಹೊಸದಾಗಿ ಮದುವೆಯಾದವರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಆಗ ಕನಿಷ್ಠ ಒಬ್ಬರಿಗಾದರೂ ಕಂಟ್ರೋಲರ್ ಬೇಕು. ಲ್ಯಾಪ್‌ಟಾಪೇ ಇಲ್ಲದವರು ಮೊಬೈಲ್ ಆವೃತ್ತಿಯನ್ನು ಕೊಳ್ಳಬಹುದು, ಅದರ ಬೆಲೆ ಕಂಪ್ಯೂಟರ್ ಆವೃತ್ತಿಗಿಂತ ಕಡಿಮೆ ಮತ್ತು ಅದರಲ್ಲಿ ಜಾಹೀರಾತುಗಳಿಲ್ಲ.

ಬಲಾಟ್ರೊ

ರಮ್ಮಿ ಆಡಿ ಗೊತ್ತಿರುವವರಿಗೆ ಬಲಾಟ್ರೊ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. 2024ರ ಫೆಬ್ರವರಿಯಲ್ಲಿ ಬಂದ ಈ ಆಟದಲ್ಲಿ 52 ಎಲೆಗಳ ಇಸ್ಪೀಟು ಕಟ್ಟಿನಿಂದ ಪೋಕರ್‌ನ ಜೋಡಣೆಗಳನ್ನು ಮಾಡಿ ಅಂಕ ಗಳಿಸಬೇಕು. ಎರಡು ರಾಜರನ್ನು ಜೋಡಿಯಾಗಿ ಇಳಿಸಿದಿರಿ ಎನ್ನಿ. ಜೋಡಿಗೆ ಮೂಲವಾಗಿ 10, ಎರಡು ರಾಜರಿಗೆ ಹತ್ತು ಹತ್ತು, ಒಟ್ಟು 30. ಅದನ್ನು ಜೋಡಿಯ ಗುಣಕವಾದ 2ರಿಂದ ಗುಣಿಸಿದರೆ 60 ಅಂಕ. ಮೊದಲ ಸುತ್ತು ಗೆಲ್ಲಲು 300 ಬೇಕು. ಈಗ ಗುಣಕಕ್ಕೆ 4 ಸೇರಿಸುವ ಒಂದು ಜೋಕರ್ ಕೊಂಡಿದ್ದರೆ ಅದೇ ಜೋಡಿ 30ನ್ನು 6ರಿಂದ ಗುಣಿಸಿ 180 ಕೊಡುತ್ತದೆ. ಇಂಥ 150 ಜೋಕರ್‌ಗಳಿವೆ. ಯಾವುದರ ಜೊತೆ ಯಾವುದನ್ನು ಇಟ್ಟರೆ ಲೆಕ್ಕ ಲಕ್ಷಕ್ಕೆ ಏರುತ್ತದೆ ಎಂದು ಕಂಡುಕೊಳ್ಳುವುದೇ ಇಡೀ ಆಟ. ಸೋತರೆ ಮತ್ತೆ ಮೊದಲಿನಿಂದ ಆರಂಭ, ಆದರೆ ಆ ಹೊತ್ತಿಗೆ ನೀವು ಕಲಿತದ್ದು ನಿಮ್ಮಲ್ಲಿಯೇ ಉಳಿಯುತ್ತದೆ.

ನನ್ನ ಅಳತೆಗೋಲುಗಳಲ್ಲಿ ಇದು ಹೆಚ್ಚಿನವನ್ನು ಸುಲಭವಾಗಿ ದಾಟುತ್ತದೆ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಕೊಂಡ ಮೇಲೆ ಇಂಟರ್‌ನೆಟ್ ಬೇಡ, ಮೌಸ್ ಇಲ್ಲದೆ ಟಚ್‌ಪ್ಯಾಡಿನಲ್ಲೇ ಆಡಬಹುದು. ಯಾವ ಗಳಿಗೆಯಲ್ಲಿ ಮುಚ್ಚಿದರೂ ಅಲ್ಲಿಂದಲೇ ಮುಂದುವರಿಯುತ್ತದೆ, ಆದ್ದರಿಂದ ಅಂಗಡಿಯಲ್ಲಿ ಕೂರುವವರಿಗೆ, ಹರಿಹರಕ್ಕೋ ಹೊಳಲ್ಕೆರೆಗೋ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಇದರ ಮೊಬೈಲ್ ಆವೃತ್ತಿಗಿಂತ ಒಳ್ಳೆಯ ಜೊತೆ ಸಿಗಲಾರದು. ಆ ಆವೃತ್ತಿ 2024ರ ಸೆಪ್ಟೆಂಬರಿನಲ್ಲಿ ಬಂದಿತು, ಒಮ್ಮೆ ಹಣ ಕೊಟ್ಟರೆ ಮುಗಿಯಿತು.

ಇಸ್ಪೀಟಿನ ಎಲೆ ಕಂಡರೆ ಮನೆಯ ಹಿರಿಯರು ಆತಂಕಪಡುವುದು ಸಹಜ. ಇದರಲ್ಲಿ ನಿಜವಾದ ಹಣ ಕಟ್ಟುವ, ಗೆಲ್ಲುವ ವ್ಯವಸ್ಥೆ ಎಲ್ಲಿಯೂ ಇಲ್ಲ. ಯುರೋಪಿನ ವಯೋಮಿತಿ ನಿರ್ಧರಿಸುವ ಪೆಗಿ ಸಂಸ್ಥೆ ಇದಕ್ಕೆ 18ರ ಗುರುತು ಹಾಕಿ, ಆಕ್ಷೇಪಣೆಯ ನಂತರ 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಸಿತು. ಹಣ ಪಣಕ್ಕಿಡುವ ರಮ್ಮಿ ಮೊದಲಾದ ಆ್ಯಪ್‌ಗಳು ಬೇರೆಯೇ ವಿಷಯ. ಅವುಗಳನ್ನು ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ, ಈ ಮಾರ್ಗದರ್ಶಿಯಲ್ಲಿ ಅವುಗಳಿಗೆ ಜಾಗವಿಲ್ಲ. ಬಲಾಟ್ರೊದ ನಿಜವಾದ ಕೊರತೆ ಇನ್ನೊಂದಿದೆ. ಇದರಲ್ಲಿ ಕತೆಯಿಲ್ಲ, ಊರಿಲ್ಲ, ನೆನಪಿನಲ್ಲಿ ಉಳಿಯುವ ಒಬ್ಬ ಮನುಷ್ಯನಿಲ್ಲ. ಲೆಕ್ಕದಲ್ಲಿ ಸುಖ ಕಾಣದವರು ಒಂದು ವಾರದಲ್ಲಿ ಇದನ್ನು ಮುಚ್ಚಿಡುತ್ತಾರೆ.

ಹಾಲೋ ನೈಟ್

ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2017ರಲ್ಲಿ ಹೊರತಂದ ಆಟವಿದು. ಹಾಳುಬಿದ್ದ ಕೀಟಗಳ ಸಾಮ್ರಾಜ್ಯವೊಂದರೊಳಗೆ ಒಬ್ಬ ಪುಟ್ಟ ಯೋಧ ಇಳಿಯುತ್ತಾನೆ. ಇದರ ರಚನೆಯನ್ನು ಚಿತ್ರದುರ್ಗದವರಿಗೆ ವಿವರಿಸುವುದು ಸುಲಭ: ಏಳು ಸುತ್ತಿನ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ದಾರಿ ತಿರುಗಿ ಇನ್ನೊಂದು ಬಾಗಿಲು ಎದುರಾಗುವಂತೆ, ಮೇಲಿನಿಂದ ಕಂಡ ಜಾಗಕ್ಕೆ ಕೆಳಗಿನಿಂದ ದಾರಿ ಕಾಣದಂತೆ, ಬಂಡೆಯ ಸಂದಿಯೊಂದು ಅನಿರೀಕ್ಷಿತವಾಗಿ ಒಳಗೆ ಬಿಡುವಂತೆ ಇದರ ನಕ್ಷೆ ಹೆಣೆದುಕೊಂಡಿದೆ. ಮೊದಲು ದಾಟಲಾಗದ ಗೋಡೆಯನ್ನು ಹತ್ತು ಗಂಟೆಗಳ ನಂತರ ಹೊಸ ಶಕ್ತಿಯೊಂದನ್ನು ಪಡೆದು ಬಂದು ದಾಟುತ್ತೀರಿ. ಕೊಟ್ಟ ಹಣಕ್ಕೆ ಸಿಗುವ ಆಟದ ಹರವನ್ನು ನೋಡಿದರೆ, ಈ ಪಟ್ಟಿಯಲ್ಲಿ ಒಬ್ಬರೇ ಕುಳಿತು ಆಡುವವರಿಗೆ ಇದಕ್ಕೆ ಸಾಟಿಯಿಲ್ಲ. ಕತೆಯನ್ನು ಮುಗಿಸಲು 25 ಗಂಟೆಗಳಿಗೂ ಹೆಚ್ಚು ಬೇಕು. ನಂತರ ಸೇರಿಸಿದ ನಾಲ್ಕು ಭಾಗಗಳೂ ಉಚಿತವಾಗಿಯೇ ಬಂದವು.

ಆದರೆ ಇದು ಕಠಿಣ. ಸತ್ತಾಗ ಕೂಡಿಟ್ಟ ನಾಣ್ಯಗಳು ಸತ್ತ ಜಾಗದಲ್ಲಿ ಉಳಿಯುತ್ತವೆ, ಅಲ್ಲಿಗೆ ಹಿಂತಿರುಗುವ ಮೊದಲು ಮತ್ತೊಮ್ಮೆ ಸತ್ತರೆ ಅವು ಪೂರ್ತಿ ಹೋದಂತೆಯೇ. ಮತ್ತೆ ಹುಟ್ಟುವುದು ಕೊನೆಯ ಬಾರಿ ಕುಳಿತ ಬೆಂಚಿನ ಬಳಿ. ಆಟ ಮುಚ್ಚಿ ತೆರೆದರೂ ಅಲ್ಲಿಂದಲೇ ನಡೆದು ಬರಬೇಕು. ಹೀಗಾಗಿ ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಆಡುವವರಿಗೆ ಇದು ಕಿರಿಕಿರಿ ತರುತ್ತದೆ. ಭಾನುವಾರ ಮಧ್ಯಾಹ್ನ ಯಾರೂ ಕರೆಯದ ಎರಡು ಗಂಟೆ ಸಿಗುವವರಿಗೆ, ಸೋತು ಸೋತು ಕಲಿಯುವ ಸಹನೆ ಉಳ್ಳವರಿಗೆ ಮಾತ್ರ ಇದನ್ನು ಹೇಳುತ್ತೇನೆ. 4 ಜಿಬಿ ರ‍್ಯಾಮ್ ಕನಿಷ್ಠ ಬೇಕು. ಪ್ರತ್ಯೇಕ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪಿನಲ್ಲಿ ಪರದೆಯ ರೆಸಲ್ಯೂಷನ್ ತಗ್ಗಿಸಿ ಆಡಬೇಕಾಗಬಹುದು. ಕೀಬೋರ್ಡಿನಲ್ಲಿ ಆಡಲು ಸಾಧ್ಯವಿದ್ದರೂ ಕಂಟ್ರೋಲರ್ ಇದ್ದರೆ ಬೆರಳುಗಳಿಗೆ ಹಿತ. ಓದಬೇಕಾದ ಇಂಗ್ಲಿಷ್ ಕಡಿಮೆ, ಇರುವ ಮಾತುಗಳು ಒಗಟಿನಂತಿವೆ, ಅವು ಅರ್ಥವಾಗದಿದ್ದರೂ ಆಟ ನಿಲ್ಲುವುದಿಲ್ಲ.

ಉಳಿದ ಮೂರು

ಹಾಲೋ ನೈಟ್ ಇಷ್ಟ, ಆದರೆ ಹೊತ್ತು ಕಡಿಮೆ ಎನ್ನುವವರು ಸೆಲೆಸ್ಟ್ ನೋಡಬೇಕು. 2018ರ ಈ ಆಟದಲ್ಲಿ ಹುಡುಗಿಯೊಬ್ಬಳು ಬೆಟ್ಟ ಹತ್ತುತ್ತಾಳೆ. ಪ್ರತಿ ಪರದೆಯೂ ಒಂದು ಸಣ್ಣ ಸವಾಲು. ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಪರದೆಯ ಆರಂಭಕ್ಕೆ ಬರುತ್ತೀರಿ, ಆದ್ದರಿಂದ ನಡುವೆ ನಿಲ್ಲಿಸಿದರೂ ನಷ್ಟವಿಲ್ಲ. ಕಷ್ಟವೆನಿಸಿದವರು ಆಟದ ವೇಗವನ್ನು ಅರ್ಧದವರೆಗೆ ತಗ್ಗಿಸುವ, ಸಾಯದಂತೆ ಮಾಡಿಕೊಳ್ಳುವ ಸಹಾಯದ ಸೌಲಭ್ಯ ಇದರಲ್ಲಿಯೇ ಇದೆ. ಅದನ್ನು ಬಳಸಲು ಯಾರೂ ಸಂಕೋಚಪಡಬೇಕಾಗಿಲ್ಲ. ಆಟ ಹತ್ತು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮನಸ್ಸಿನ ಆತಂಕವನ್ನು ಕುರಿತು ಇದರಲ್ಲಿ ಬರುವ ಮಾತುಗಳು ಪಿಯುಸಿ ವಯಸ್ಸಿನವರಿಗೆ ನಿಜಕ್ಕೂ ತಟ್ಟುತ್ತವೆ.

ಪೋರ್ಟಲ್ 2 ಆಟ 2011ರದು. ಗೋಡೆಯ ಮೇಲೆ ಎರಡು ದ್ವಾರ ತೆರೆದು, ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುತ್ತಾ ಒಗಟು ಬಿಡಿಸುವ ಆಟವಿದು. ವಾಲ್ವ್ ಕಂಪನಿ ಇದನ್ನು ರಿಯಾಯಿತಿಯ ದಿನಗಳಲ್ಲಿ ಶೇ. 90ರಷ್ಟು ಇಳಿಸಿ ಮಾರಿದ್ದುಂಟು, ಆಗ ಇದು ನೂರು ರೂಪಾಯಿಯೊಳಗೆ ಸಿಗುತ್ತದೆ. ಇಬ್ಬರಿಗೆಂದೇ ಬೇರೆ ಕತೆಯೊಂದು ಇದರಲ್ಲಿದೆ, ಹಾಸ್ಟೆಲಿನ ಒಂದೇ ಕೋಣೆಯ ಗೆಳೆಯರಿಗೆ ಅದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಎರಡು ಸಂಗತಿಗಳನ್ನು ಮಾತ್ರ ಮರೆಯಬಾರದು: ಟಚ್‌ಪ್ಯಾಡಿನಲ್ಲಿ ಇದನ್ನು ಆಡಲಾಗುವುದಿಲ್ಲ, ಮೌಸ್ ಬೇಕೇ ಬೇಕು, ಮತ್ತು ಇದರ ಅರ್ಧ ಸ್ವಾರಸ್ಯ ವೇಗವಾದ ಇಂಗ್ಲಿಷ್ ಮಾತಿನಲ್ಲಿದೆ.

ಟೆರೇರಿಯಾ ಅಗೆಯುವ, ಕಟ್ಟುವ, ಹೋರಾಡುವ ಆಟ. ಮೂಲಬೆಲೆಯೇ 9.99 ಡಾಲರ್, ಜಾಗವೂ ಸ್ವಲ್ಪವೇ ಸಾಕು. ನಾಲ್ಕಾರು ಗೆಳೆಯರು ಒಟ್ಟಿಗೆ ಸೇರುವುದಾದರೆ ತಿಂಗಳುಗಟ್ಟಲೆ ಸಾಕಾಗುತ್ತದೆ. ಒಬ್ಬರೇ ಆಡಿದರೆ ಮುಂದೇನು ಮಾಡಬೇಕೆಂದು ತೋಚದೆ ಕೈಬಿಡುವವರೇ ಹೆಚ್ಚು.

ಪುಕ್ಕಟೆ ಆಟಗಳ ಲೆಕ್ಕ

ಉಚಿತ ಆಟಗಳನ್ನು ನಾನು ತಳ್ಳಿಹಾಕುವುದಿಲ್ಲ. ವ್ಯಾಲೊರಂಟ್ ಬಹಳ ಎಚ್ಚರಿಕೆಯಿಂದ ರೂಪಿಸಿದ ಆಟ, 4 ಜಿಬಿ ರ‍್ಯಾಮಿನಲ್ಲೂ ನಡೆಯುತ್ತದೆ, ಮುಂಬೈಯಲ್ಲಿ ಸರ್ವರ್ ಇದೆ. ಗೆಳೆಯರ ಬಳಗವೆಲ್ಲ ಅದನ್ನೇ ಆಡುತ್ತಿದ್ದರೆ, ಸಂಜೆ ಅವರ ಜೊತೆ ಸೇರುವ ಸಂತೋಷವನ್ನು ಬೇರೆ ಯಾವ ಆಟವೂ ಕೊಡಲಾರದು. ಆದರೆ ಅದರ ಬೆಲೆಯನ್ನು ಬೇರೆ ರೂಪದಲ್ಲಿ ಕೊಡುತ್ತೇವೆ. ಒಂದು ಪಂದ್ಯ ಗೆಲ್ಲಲು 13 ಸುತ್ತು ಗೆಲ್ಲಬೇಕು, ಅದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು, ಆ ಹೊತ್ತಿನಲ್ಲಿ ಎದ್ದರೆ ಉಳಿದ ನಾಲ್ವರಿಗೆ ತೊಂದರೆ, ನಿಮಗೆ ದಂಡ. ಕರೆಂಟು ಹೋಗಿ ವೈಫೈ ನಿಂತರೂ ಆಟದ ಲೆಕ್ಕದಲ್ಲಿ ಅದು ಎದ್ದುಹೋದಂತೆಯೇ. ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ತಂತ್ರಾಂಶ ಕಂಪ್ಯೂಟರ್ ಆನ್ ಆದಾಗಿನಿಂದಲೇ ವಿಂಡೋಸಿನ ಒಳಪದರದಲ್ಲಿ ಕೆಲಸ ಮಾಡುತ್ತದೆ, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳು ಕಡ್ಡಾಯ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಇದನ್ನು ಹಾಕುವುದು ಸರಿಯಲ್ಲ. ಬಂದೂಕಿನ ಬಣ್ಣಬಣ್ಣದ ಹೊದಿಕೆಗಳು ಆಟ ಗೆಲ್ಲಿಸುವುದಿಲ್ಲ, ಆದರೂ ಒಂದು ಹೊದಿಕೆಗೆ ಕೊಡುವ ಹಣದಲ್ಲಿ ಮೇಲಿನ ಪಟ್ಟಿಯ ಇಡೀ ಆಟವೊಂದು ಬಂದುಬಿಡಬಹುದು ಎಂಬುದು ಹುಡುಗರಿಗೆ ಹೊಳೆಯುವುದು ಕೊಂಡ ಮೇಲೆ.

ಮೊಬೈಲಿನಲ್ಲಿ ಆಡುವ ಬಂದೂಕಿನ ಆಟ ಬಿಜಿಎಂಐಗೂ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಬಹುಮಟ್ಟಿಗೆ ಇದೇ ಮಾತು. ಅದರಲ್ಲಿ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ, ಆದರೆ ಅಪ್ಪನ ಹೆಸರಿನಲ್ಲಿ ಖಾತೆ ತೆರೆದರೆ ಆ ಮಿತಿಗೆ ಅರ್ಥವಿರುವುದಿಲ್ಲ. ಮಗುವಿನ ಫೋನಿನಲ್ಲಿ ಯುಪಿಐ ಇದ್ದರೆ ಮೊದಲು ಅದನ್ನು ತೆಗೆದು, ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಆಮೇಲೆ ಆಟ ಹಾಕಿಕೊಡಿ.

ಖರ್ಚೇ ಇಲ್ಲದೆ ಒಳ್ಳೆಯ ಆಟ ಬೇಕೆನ್ನುವವರಿಗೆ ನಾನು ಹೇಳುವುದು ಎರಡು ದಾರಿ. ಒಂದು, ಮೊಬೈಲಿನಲ್ಲಿ ಉಚಿತವಾಗಿ ಸಿಗುವ ವ್ಯಾಂಪೈರ್ ಸರ್ವೈವರ್ಸ್. ಬೆರಳು ಜಾರಿಸಿ ಓಡಾಡುವುದಷ್ಟೇ ಕೆಲಸ, ಇಂಗ್ಲಿಷ್ ಬಹುತೇಕ ಬೇಡ, ಒಂದು ಸುತ್ತು ಹೆಚ್ಚೆಂದರೆ ಅರ್ಧ ಗಂಟೆ, ಜಾಹೀರಾತು ನೋಡುವುದೂ ಬಿಡುವುದೂ ನಿಮ್ಮಿಷ್ಟ. ಇನ್ನೊಂದು, ಎಪಿಕ್ ಗೇಮ್ಸ್ ತಾಣ 2018ರ ಡಿಸೆಂಬರಿನಿಂದ ಉಚಿತವಾಗಿ ಕೊಡುತ್ತಾ ಬಂದಿರುವ ಆಟಗಳು. ಹೊಸದು ಗುರುವಾರ ರಾತ್ರಿ ಬರುತ್ತದೆ. ಆ ವಾರದೊಳಗೆ ಖಾತೆಗೆ ಸೇರಿಸಿಕೊಂಡರೆ ಶಾಶ್ವತವಾಗಿ ನಿಮ್ಮದು, ಡೌನ್‌ಲೋಡನ್ನು ರಜೆಯಲ್ಲಿ ಊರಿಗೆ ಹೋದಾಗ ಮಾಡಿಕೊಳ್ಳಬಹುದು. ಯಾರದೋ ಪೆನ್‌ಡ್ರೈವಿನಲ್ಲಿ ಬರುವ ಕದ್ದ ಪ್ರತಿಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಅವುಗಳ ಜೊತೆ ಬರುವ ವೈರಸ್ಸಿನಿಂದ ಪ್ರಾಜೆಕ್ಟಿನ ಫೈಲುಗಳು, ಬ್ಯಾಂಕಿನ ಪಾಸ್‌ವರ್ಡುಗಳು ಹೋಗುವ ಅಪಾಯವಿದೆ, ಮತ್ತು ಒಬ್ಬಿಬ್ಬರು ವರ್ಷಗಟ್ಟಲೆ ದುಡಿದು ಮಾಡಿದ ಆಟವನ್ನು ಹೀಗೆ ತೆಗೆದುಕೊಳ್ಳುವುದು ನ್ಯಾಯವೂ ಅಲ್ಲ.

ಕೊಳ್ಳುವ ಹೊತ್ತು, ಕೊಳ್ಳುವ ಬಗೆ

ಅಮೆರಿಕದಲ್ಲಿ ಸ್ಟಾರ್‌ಡ್ಯೂ ವ್ಯಾಲಿ, ಬಲಾಟ್ರೊ, ಹಾಲೋ ನೈಟ್ ಮೂರಕ್ಕೂ ಮೂಲಬೆಲೆ 14.99 ಡಾಲರ್, ಸೆಲೆಸ್ಟ್‌ಗೆ 19.99. ಸ್ಟೀಮ್ 2015ರಿಂದ ನಮ್ಮ ರೂಪಾಯಿಯಲ್ಲಿಯೇ ವ್ಯಾಪಾರ ಮಾಡುತ್ತಿದ್ದು, ರೂಪಾಯಿಯ ದರವನ್ನು ಆಯಾ ತಯಾರಕರು ಬೇರೆಯಾಗಿ ಗೊತ್ತುಪಡಿಸುವುದರಿಂದ ಇಲ್ಲಿನ ಬೆಲೆ ಡಾಲರಿನ ಲೆಕ್ಕಕ್ಕಿಂತ ಸಾಮಾನ್ಯವಾಗಿ ಕಡಿಮೆ. ಯುಪಿಐ ಮೂಲಕವೂ ಹಣ ಕೊಡಬಹುದು. ತುರ್ತಿಲ್ಲದವರು ಜೂನ್ ಕೊನೆಯ ಅಥವಾ ಡಿಸೆಂಬರ್ ಕೊನೆಯ ದೊಡ್ಡ ರಿಯಾಯಿತಿಗೆ ಕಾಯಬೇಕು. ಹಾಲೋ ನೈಟ್, ಸ್ಟಾರ್‌ಡ್ಯೂ ವ್ಯಾಲಿಗಳು ಆಗ ಅರ್ಧ ಬೆಲೆಗೆ ಇಳಿದದ್ದಿದೆ, ಸೆಲೆಸ್ಟ್ ಕಾಲು ಬೆಲೆಗೂ ಸಿಕ್ಕಿದೆ. ಹಾಗೆ ನೋಡಿದರೆ ಐನೂರು ರೂಪಾಯಿ ಇಟ್ಟುಕೊಂಡವರು ರಿಯಾಯಿತಿಯ ಹೊತ್ತಿಗೆ ಪೋರ್ಟಲ್ 2 ಮತ್ತು ಹಾಲೋ ನೈಟ್ ಎರಡನ್ನೂ ತೆಗೆದುಕೊಂಡು, ಇಬ್ಬರಿಗೊಂದು ಒಬ್ಬರಿಗೊಂದು ಎಂದು ಇಟ್ಟುಕೊಳ್ಳಲು ಸಾಧ್ಯ. ಅಗ್ಗವೆಂದು ಒಂದೇ ಸಲ ಎಂಟು ಹತ್ತು ಆಟ ಕೊಳ್ಳುವುದು ಬೇಡ, ಮುಂದಿನ ರಿಯಾಯಿತಿ ಆರು ತಿಂಗಳೊಳಗೆ ಬಂದೇ ಬರುತ್ತದೆ.

ಒಂದೇ ಮನೆಯಲ್ಲಿ ಆಡುವವರು ಇಬ್ಬರು ಮೂವರಿದ್ದರೆ ಸ್ಟೀಮ್ ಫ್ಯಾಮಿಲೀಸ್ ಸೌಲಭ್ಯದಲ್ಲಿ ಆರು ಜನರವರೆಗೆ ಸೇರಿಕೊಂಡು, ಒಬ್ಬರು ಕೊಂಡದ್ದನ್ನು ಉಳಿದವರೂ ತಮ್ಮ ತಮ್ಮ ಖಾತೆಯಿಂದ ಆಡಬಹುದು. ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬೇಕೆಂಬ ನಿಯಮವಿದೆ. ಅಣ್ಣ ಹಾಲೋ ನೈಟ್ ಆಡುವಾಗ ತಂಗಿ ಅವನ ಸೆಲೆಸ್ಟ್ ಆಡಲು ಅಡ್ಡಿಯಿಲ್ಲ. ಮಕ್ಕಳ ಖಾತೆಗೆ ದಿನಕ್ಕೆ ಇಷ್ಟೇ ಹೊತ್ತು ಎಂಬ ಮಿತಿಯನ್ನೂ ತಂದೆತಾಯಿಯರು ಇದರಲ್ಲಿಯೇ ಹಾಕಬಹುದು.

ಇಷ್ಟಾದ ಮೇಲೂ ಎರಡು ಹೆಸರುಗಳ ನಡುವೆ ತೂಗಾಡುತ್ತಿದ್ದರೆ, ಎರಡರಲ್ಲಿ ಡೌನ್‌ಲೋಡ್ ಚಿಕ್ಕದಾಗಿರುವುದನ್ನು ಮೊದಲು ಕೊಳ್ಳಿ. ಕೊಂಡು 14 ದಿನಗಳೊಳಗೆ, ಆಡಿದ ಹೊತ್ತು 2 ಗಂಟೆ ಮೀರದಿದ್ದರೆ ಸ್ಟೀಮ್ ಹಣ ಹಿಂತಿರುಗಿಸುತ್ತದೆ. ಆಟ ತೆರೆದಿಟ್ಟು ಊಟಕ್ಕೆ ಹೋದ ಸಮಯವೂ ಆ ಎರಡು ಗಂಟೆಯಲ್ಲಿ ಸೇರುವುದರಿಂದ, ಮೊದಲ ಒಂದೂವರೆ ಗಂಟೆಯಲ್ಲಿಯೇ ಯಂತ್ರ ಬಿಸಿಯಾಗುತ್ತದೆಯೇ, ಅಕ್ಷರಗಳು ಓದಲು ಬರುತ್ತವೆಯೇ, ಕೀಬೋರ್ಡು ಕೈಗೆ ಒಗ್ಗುತ್ತದೆಯೇ ಎಂದು ನೋಡಿ ಮುಗಿಸಿ. ಒಗ್ಗದಿದ್ದರೆ ಸ್ಟೀಮಿನ ಸಹಾಯ ಪುಟದಲ್ಲಿ ಆ ಖರೀದಿಯನ್ನು ಆರಿಸಿ ಮರುಪಾವತಿಗೆ ಅರ್ಜಿ ಹಾಕಿ, ಬಂದ ಹಣದಲ್ಲಿ ಎರಡನೆಯ ಹೆಸರನ್ನು ಕೊಳ್ಳಿ.